ಚಪ್ಲಿ ಬಿಡೂ ಜಾಗಾದಾಗ ಹನ್ನೊಂದ ತಿಂಗಳ

ನನ್ನ ಬ್ಯಾನಿ ಇದ್ದದ್ದು ಬೆನ್ನಾಗ. ಇದನ್ನ ಮೊದಲ ಹೇಳಿಬಿಡ್ತೇನಿ, ಯಾಕಂದ್ರ ನಮ್ಮ ಸಭಾದಾಗ ಭಾಳ ಮಂದಿ ಅದು ನನ್ನ ವಿಶ್ವಾಸದಾಗ ಇತ್ತು ಅಂತ ಇವತ್ತಿಗೂ ತಿಳ್ಕೊಂಡಾರ. ಬೆನ್ನೆಲುಬಿಗೆ ಹತ್ತಿದ ಟಿಬಿ. ಸ್ಕ್ಯಾನ್ ಮಾಡಿದ ಡಾಕ್ಟರು ಕಾಗದದ ಮ್ಯಾಲ ಬರದ ಕೊಟ್ಟಾರ. ವಿಶ್ವಾಸದ ಸ್ಕ್ಯಾನ್ ತೆಗಿಯೋ ಮಷೀನ ಎಲ್ಲಿ ಸಿಗತೈತೋ ನನಗ ಗೊತ್ತಿಲ್ಲ, ಆದ್ರ ನಮ್ಮ ಚರ್ಚಿನ್ಯಾಗ ಒಬ್ಬೊಬ್ಬರ ಮನ್ಯಾಗೂ ಒಂದೊಂದ ಐತಿ ಅನಸ್ತೈತಿ.

ನನ್ನ ಹೆಸರು ಮಾರ್ಥಾ. ಬನಹಟ್ಟಿಯಾಕಿ. ನಮ್ಮ ಮನಿಯವರು ಯೋಹಾನ ಅಂತ, ಮಗ್ಗ ಕೆಟ್ರ ರಿಪೇರಿ ಮಾಡತಾರ. ನಾ ಕಂಡಕಿ ಸುತ್ತತಿದ್ನಿ, ಅಂದ್ರ ಮಗ್ಗದ ಲಾಳ್ಯಾಗ ಹಾಕೋ ಸಣ್ಣ ಕಡ್ಡಿಗೆ ನೂಲ ಸುತ್ತೋ ಕೆಲಸ. ಒಬ್ಬಾಕಿ ಮಗಳು, ಲಗ್ನ ಆಗಿ ಮುಧೋಳದಾಗ ಅದಾಳ. ರವಿವಾರ ಬಂತಂದ್ರ ಜಮಖಂಡಿ ರಸ್ತಾದ ಬಾಜೂಕಿರೋ ನಮ್ಮ ಸಣ್ಣ ಚರ್ಚು. ಅಲ್ಲಿ ಬೆಂಚ ಇಲ್ಲ. ಜಮಖಾನಿ ಹಾಸಿರತಾರ, ಒಂದ ಕಡೆ ಗಂಡಸರು, ಒಂದ ಕಡೆ ಹೆಂಗಸರು. ಹೆಂಗಸರ ಕಡೆ ಹಾಡ ಎತ್ತಿ ಕೊಡೋದು ನಂದ ಕೆಲಸ. ಪಾಸ್ಟರು ನಂಬರ ಹೇಳೋದ್ರಾಗ ನಾ ಸುರು ಮಾಡಿರ್ತಿದ್ನಿ. ಸಂಡೇಸ್ಕೂಲ್ ಮಕ್ಕಳನ್ನೂ ನಾನ ನೋಡ್ಕೋತಿದ್ನಿ. ಸೊಕ್ಕು ಅನ್ರಿ ಬೇಕಾದ್ರ, ಆ ಜಾಗಾ ನಂದು ಅಂತ ತಿಳ್ಕೊಂಡಿದ್ನಿ.

ಮೊದಲ ಬೆನ್ನ ನೋಯಾಕ ಹತ್ತಿತು. ದಿನಾ ಬಗ್ಗಿ ಕುಂತ ನೂಲ ಸುತ್ತೋರಿಗೆ ಬೆನ್ನ ನೋಯೋದ ಏನ ದೊಡ್ಡ ಸುದ್ದಿ? ಮುಲಾಮ ಹಚ್ಚಿದ್ನಿ, ಬಿಸಿ ಉಪ್ಪಿನ ಗಂಟ ಕೊಟ್ಕೊಂಡ್ನಿ. ಸಂಜಿ ಮುಂದ ಸಣ್ಣಗ ಜ್ವರ ಬರತಿದ್ವು, ಅದನ್ನೂ ಮನಸಿಗೆ ಹಚ್ಕೊಳ್ಳಲಿಲ್ಲ. ಒಂದ ದಿನ ಕಿರಾಣಿ ಅಂಗಡಿಯಿಂದ ಬರಾಕತ್ತಿದ್ನಿ, ಬಾಜೂ ಮನಿ ಗಂಗವ್ವ ಹಿಂದಿನಿಂದ ಕರದ್ಲು. "ಏ ಮಾರ್ಥವ್ವಾ, ಚಪ್ಲಿ ಬಿಟ್ಟ ಹೊಂಟಿಯಲ್ಲ ಬೇ." ತಿರುಗಿ ನೋಡಿದ್ರ ನನ್ನ ಎಡಗಾಲಿನ ಚಪ್ಲಿ ಹತ್ತ ಹೆಜ್ಜಿ ಹಿಂದ ಬಿದ್ದಿತ್ತು. ಬರೇ ಕಾಲಿಲೇ ಬಿಸಿ ರಸ್ತಾದ ಮ್ಯಾಲ ನಡದ ಬಂದೇನಿ, ನನಗ ಗೊತ್ತ ಇಲ್ಲ. ಗಂಗವ್ವ ನಗಾಕತ್ತಿದ್ಲು. ಕಾಲ ಬಗ್ಗಿಸಿ ನೋಡ್ಕೊಂಡ್ನಿ, ಅಂಗಾಲ ಕೆಂಪಗಾಗಿತ್ತು, ಉರಿ ಅನ್ನೋದ ಮಾತ್ರ ಇರಲಿಲ್ಲ. ಮನಿಗೆ ಬಂದ ಯಾರಿಗೂ ಹೇಳಲಿಲ್ಲ. ಅದು ನನ್ನ ತಪ್ಪು. ಎಂಟ ದಿನದಾಗ ಎರಡೂ ಕಾಲು ಬಿದ್ದು ಹ್ವಾದ್ವು.

ಮಿರಜಿಗೆ ಕರಕೊಂಡ ಹ್ವಾದ್ರು. ನಮ್ಮ ಕಡೆಯವರು ಕೈ ಮೀರಿತು ಅಂದ್ರ ಮಿರಜಿಗೇ ಓಡತಾರ. ಅಲ್ಲಿ ಸ್ಕ್ಯಾನಿನ ಕೋಣಿ ಹೊರಗ ಉದ್ದಾನ ಬಾಕ, ಅದರ ಮ್ಯಾಲ ನನ್ನಂಥವ್ರ ಸಾಲ. ನಾ ಸ್ಟ್ರೆಚರಿನ್ಯಾಗ ಮಲಗಿ ಛತ್ತ ನೋಡಕೋತ ಇದ್ನಿ. ಬಾಜೂಕ ಅಥಣಿ ಕಡೆಯ ಒಬ್ಬ ಮುದುಕಿ ತನ್ನ ಬುತ್ತಿ ಬಿಚ್ಚಿ, "ತಂಗಿ, ಒಂದ ತುತ್ತ ಬಾಯಾಗ ಹಾಕ್ಕೋ, ಹಸಿದ ಹೊಟ್ಟಿಲೇ ಅಂಜಿಕಿ ಜಾಸ್ತಿ ಆಕ್ಕೈತಿ" ಅಂತ ಚಟ್ನಿ ಹಚ್ಚಿದ ರೊಟ್ಟಿ ತುಂಡ ನನ್ನ ಬಾಯಾಗ ಇಟ್ಲು. ಆಕಿ ಯಾರೋ, ಆಕಿ ಹೆಸರೇನೋ, ನಾ ಕೇಳಲಿಲ್ಲ. ಈಗೂ ಚಟ್ನಿ ಕುಟ್ಟೋ ವಾಸನಿ ಬಂದ್ರ ಆ ಮುದುಕಿ ಕೈ ನೆನಪ ಆಕ್ಕೈತಿ.

ಟಿಬಿ ಅಂತ ಡಾಕ್ಟರು ಅಂದಾಗ ನಮ್ಮ ಮನಿಯವರು ಕೇಳಿದ ಮೊದಲ ಮಾತು, "ಊರಾಗ ಹೇಳಬೇಕಾಕ್ಕೈತೇನ್ರಿ?" ನನಗ ಸಿಟ್ಟ ಬಂತು. ನಾ ನಡಿತೀನೋ ಇಲ್ಲೋ ಅಂತ ಕೇಳೋದ ಬಿಟ್ಟ ಊರಿನ ಚಿಂತಿ. ಡಾಕ್ಟರು ಅವರನ್ನ ನೋಡಲಿಲ್ಲ, ನನ್ನ ನೋಡಿ ಹೇಳಿದ್ರು. ಆಪರೇಶನ್ ಮಾಡತೇವಿ, ಗುಳಿಗಿ ವರ್ಷಾನಗಟ್ಟಲೆ ತಗೋಬೇಕು, ಜೀವಕ್ಕ ಏನೂ ಆಗೂದಿಲ್ಲ, ಕಾಲಿನ ಮಾತ ಮಾತ್ರ ನಾ ಕೊಡಾಂಗಿಲ್ಲ ಅಂತ. ಅವತ್ತ ಅದ ಕೆಟ್ಟ ಮಾತು ಅನಸಿತ್ತು. ಮುಂದ ಮಂದಿ ಕೊಟ್ಟ ಮಾತುಗಳನ್ನ ಕೇಳಿದ ಮ್ಯಾಲ, ಇಲ್ಲದ್ದನ್ನ ಕೊಡದ ಆ ಡಾಕ್ಟರ ಮ್ಯಾಲ ನನಗ ಗೌರವ ಹುಟ್ಟಿತು.

ಈಗ ಸುಶೀಲಕ್ಕನ ಮಾತ ಹೇಳಬೇಕು.

ಸುಶೀಲಕ್ಕ ನನಗಿಂತ ಆರ ವರ್ಷ ದೊಡ್ಡಾಕಿ. ನಮ್ಮ ಚರ್ಚಿನ ಹೆಂಗಸರ ಸಂಘಕ್ಕ ಮುಖ್ಯಸ್ಥಳು, ಆಕಿ ಗಂಡ ಸಭಾದ ಹಿರಿಯ. ನಾ ಲಗ್ನ ಆಗಿ ಬನಹಟ್ಟಿಗೆ ಬಂದ ವಾರದಾಗ ಚರ್ಚಿನ್ಯಾಗ ತನ್ನ ಬಾಜೂಕ ನನ್ನ ಕುಂಡ್ರಿಸಿಕೊಂಡಾಕಿ. ಇಪ್ಪತ್ತಾರ ವರ್ಷ ಆ ಜಾಗಾ ಬದಲಾಗಲಿಲ್ಲ. ಮಿರಜಿನ್ಯಾಗ ಆಪರೇಶನ್ ಆದ ಮ್ಯಾಲ ಮಗಳು ಬಸರಿ ಅಂತ ನಿಲ್ಲಾಕ ಆಗಲಿಲ್ಲ. ಸುಶೀಲಕ್ಕ ಮನಿ ಬಿಟ್ಟ ಬಂದು ನನ್ನ ಕಾಟಿನ ಬಾಜೂಕ ಚಾಪಿ ಹಾಸಿದ್ಲು. ಮೂರ ವಾರ ಇದ್ಲು. ನನ್ನ ಮೈ ಒರಸಿದ್ಲು, ತಲಿ ಬಾಚಿದ್ಲು, ಮಲ ಮೂತ್ರ ತೆಗದ್ಲು, ಮಾರಿ ಕಿವಿಚಲಿಲ್ಲ. ಹೆತ್ತ ತಾಯಿನೂ ಅಷ್ಟ ಮಾಡತಿದ್ಲೋ ಇಲ್ಲೋ. ಇದನ್ನ ನಾ ಮರತಿಲ್ಲ. ಮರತಿದ್ರ ಭಾಳ ಹಗುರ ಆಗತಿತ್ತು.

ಒಂದ ಮಧ್ಯಾಹ್ನ ಆಕಿ ಭೋಗುಣಿ ತಗದ ಒರಸೋ ಮುಂದ ನನಗ ಅಳು ತಡಿಲಿಲ್ಲ. ಆಕಿ ಕೈ ಹಿಡದ ಸಣ್ಣ ದನಿಲೇ ಹೇಳಿದ್ನಿ. "ಅಕ್ಕಾ, ಯಾರ ಮುಂದೂ ಅನಬ್ಯಾಡ. ನಾ ದೇವ್ರಿಗೆ ಕಾಲ ಕೊಡು ಅಂತ ಬೇಡೋದ ಬಿಟ್ಟೇನಿ. ದಿನಾ ಅದನ್ನ ಬೇಡಿ ದಿನಾ ಮುಂಜಾನೆ ಎದ್ದ ನೋಡಿ ಸಾಯೋದ ಆಗವಲ್ದು. ಮತ್ತ ಚರ್ಚಿನ್ಯಾಗ ನಿನ್ನ ಬಾಜೂಕ ಬಂದ ಕುಂಡ್ರೂದಷ್ಟ ಕೊಡಪಾ ಅಂತ ಕೇಳಾಕತ್ತೇನಿ." ಆಕಿ ನನ್ನ ಹಣಿ ಮ್ಯಾಲ ಕೈ ಇಟ್ಟು, "ಆತು ಬಿಡ ತಂಗಿ, ಈ ಮಾತ ಇಲ್ಲೇ ಇರ್ಲಿ" ಅಂದ್ಲು.

ಮನಿಗೆ ಬಂದ್ವಿ. ಗುಳಿಗಿ ನುಂಗಿದ್ರ ವಾಂತಿ, ಬಿಟ್ರ ಅಂಜಿಕಿ. ಬೆನ್ನಿಗೆ ಗಟ್ಟಿ ಪಟ್ಟಾ. ಅದನ್ನ ಹಾಕ್ಕೊಂಡ ಕುರ್ಚ್ಯಾಗ ಕುಂಡ್ರಬಹುದು, ನೆಲದ ಮ್ಯಾಲ ಒಂದ ವರ್ಷ ಕುಂಡ್ರಬಾರದು ಅಂತ ಡಾಕ್ಟರ ಕಟ್ಟಾಜ್ಞೆ. ಗಂಗವ್ವ ದಿನಾ ಬಂದು ಕಾಲ ತಿಕ್ಕತಿದ್ಲು, ತಿಕ್ಕಕೋತ ಓಣಿ ಸುದ್ದಿ ಎಲ್ಲಾ ಹೇಳತಿದ್ಲು. ನಗಿಸಿ ನಗಿಸಿ ಬೆನ್ನ ನೋಯಸತಿದ್ಲು. ಬೆರಳಿನ್ಯಾಗ ಸ್ವಲ್ಪ ಜೀವ ಬಂತು, ಮೊಣಕಾಲಿನ ತನಕ ಬಂತು, ಅಲ್ಲಿಗೆ ನಿಂತ ಬಿಡ್ತು. ಕಾಲ ಸರಿಸಾಕ ಬರತಾವ, ಮೈ ಹೊರಾಕ ಬರೂದಿಲ್ಲ. ಬೀಗರ ಪೈಕಿ ಒಬ್ಬರ ಮನ್ಯಾಗ ಗಾಲಿ ಕುರ್ಚಿ ಖಾಲಿ ಇತ್ತು. ಅದು ಬಂದ ದಿನ ನಮ್ಮ ಮನಿಯವರು ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತ ಅತ್ರು. ನಾ ಅಳಲಿಲ್ಲ. ಈ ಕುರ್ಚಿ ಮ್ಯಾಲ ಚರ್ಚಿಗೆ ಹೋಗಬಹುದು ಅಂತ ನನಗ ಒಳಗೊಳಗ ಖುಷಿ ಆಗಿತ್ತು.

ಆ ರವಿವಾರ ಬಿಳಿ ಸೀರಿ ಉಟ್ನಿ. ನಮ್ಮ ಓಣಿ ರಸೂಲಣ್ಣ ಆಟೋ ತಂದ, ಕುರ್ಚಿ ಮಡಚಿ ಹಿಂದ ಕಟ್ಟಿದ. ಚರ್ಚಿಗೆ ಏರಾಕ ಐದ ಪಾವಟಗಿ, ಅಂದ್ರ ಮೆಟ್ಟಲ. ನಾಕ ಮಂದಿ ಗಂಡಸರು ಕುರ್ಚಿ ಸಮೇತ ನನ್ನ ಎತ್ತಿ ಬಾಗಲ ಮುಂದ ಇಟ್ರು. ಒಳಗ ಎಲ್ಲಾರೂ ತಿರುಗಿ ನೋಡಿದ್ರು, ಹೆಂಗಸರು ಕಣ್ಣ ಒರಸಿಕೊಂಡ್ರು. ಸುಶೀಲಕ್ಕ ತನ್ನ ಬಾಜೂಕ ಜಾಗಾ ಮಾಡಾಕತ್ತಿದ್ಲು. ಅಷ್ಟರಾಗ ಸಭಾದ ಇನ್ನೊಬ್ಬ ಹಿರಿಯರು ಬಾಗಲಕ್ಕ ಬಂದ್ರು. ವಯಸ್ಸಾದವರು, ನನ್ನ ಮಗಳಿಗೆ ಹೆಸರ ಇಟ್ಟವರು.

"ಯೋಹಾನಾ, ಗಾಲಿ," ಅಂದ್ರು.

ನಮ್ಮ ಮನಿಯವರಿಗೆ ತಿಳಿಲಿಲ್ಲ. "ಏನ್ರೀ?"

"ಗಾಲಿ ರಸ್ತಾದ ಮ್ಯಾಲ ಬಂದಾವಲ್ಲೋ. ಸಗಣಿ, ರಾಡಿ. ಜಮಖಾನಿ ಮ್ಯಾಲ ಹೆಂಗ?"

ನಮ್ಮ ಚರ್ಚಿನ್ಯಾಗ ಚಪ್ಲಿ ಹೊರಗ ಬಿಡೋ ಪದ್ಧತಿ. ಪಾವಟಗಿ ಕೆಳಗ ತಗಡಿನ ಮಾಡ ಐತಿ, ಎಲ್ಲಾರ ಚಪ್ಲಿ ಅಲ್ಲಿ. ದೇವರ ಮುಂದ ಬರಿಗಾಲು ಅಂತ ನಮ್ಮ ಮುತ್ಯಾಗಳ ಕಾಲದಿಂದ ಬಂದದ್ದು. ಮರತ ಒಳಗ ಬಂದ ಸಂಡೇಸ್ಕೂಲ್ ಹುಡುಗರ ಕಿವಿ ಹಿಂಡಿ ಹೊರಗ ಕಳಸಿದಾಕಿ ನಾನ. ಹಂಗಾಗಿ ಅವರ ಮಾತ ನನಗ ಅಡ್ಡ ಅನಸಲಿಲ್ಲ. ನಮ್ಮ ಮನಿಯವರು ಹೆಗಲ ಮ್ಯಾಲಿನ ಟವೆಲ್ ತೊಯಿಸಿಕೊಂಡ ಬಂದು ಬಗ್ಗಿ ನಾಕೂ ಗಾಲಿ ಒರಸಿದ್ರು. ಇಡೀ ಸಭಾ ನೋಡಾಕತ್ತಿತ್ತು.

"ಒರಸಿದ ಚಪ್ಲಿನೂ ಚಪ್ಲಿನ ಅಲ್ಲೇನಪಾ?" ಅಂದ್ರು ಹಿರಿಯರು. ಬಿರುಸಾಗಿ ಅನಲಿಲ್ಲ, ನಕ್ಕೋತ ಅಂದ್ರು. ಒಂದಿಬ್ಬರು ನಕ್ರು. ಪಾಸ್ಟರು ಕೈಯಾಗಿನ ಪುಸ್ತಕದ ಹಾಳಿ ತಿರುವಾಕತ್ತಿದ್ರು. ನಾ, ನನ್ನ ಬುದ್ಧಿಗೆ ಏನ ಅನಬೇಕು, "ಹೌದ್ರಿ, ಬ್ಯಾಡ್ರಿ, ಕೆಳಗ ಇಳಸ್ರಿ" ಅಂದ್ನಿ. ಜಮಖಾನಿದ ಒಂದ ಮೂಲಿ ಮಡಚಿದ್ರ ಮುಗೀತಿತ್ತು. ಅವರಿಗೆ ಹೊಳಿಲಿಲ್ಲ, ನನಗೂ ಹೊಳಿಲಿಲ್ಲ. ಮೊದಲಿನ ನಾಕ ಮಂದಿನ ನನ್ನ ಮತ್ತ ಎತ್ತಿ ತಗಡಿನ ಮಾಡಿನ ಕೆಳಗ ಚಪ್ಲಿ ಬಾಜೂಕ ತಂದ ಇಟ್ರು.

ಅವತ್ತ ಪ್ರಾರ್ಥನಿ ಆದ ಮ್ಯಾಲ ಪಾಸ್ಟರು ಕೆಳಗ ಬಂದು ನನ್ನ ಎದರಿಗೆ ಕುಕ್ಕರಗಾಲಿಲೇ ಕುಂತ್ರು. "ಅಕ್ಕಾರ, ಸ್ವಲ್ಪ ದಿನ ತಡಕೋರಿ. ಪಾವಟಗಿ ಹಾಳಾಗ್ಯಾವ, ಬ್ಯಾಸಗಿಗೆ ಕಟ್ಟಸೂದೈತಿ. ಬಾಜೂಕ ಇಳಿಜಾರ ಮಾಡಸ್ತೇವಿ, ಒಳಗ ನಿಮಗ ಬ್ಯಾರೆ ಜಾಗಾ ಮಾಡತೇವಿ" ಅಂದ್ರು. ಮಾತ ಕೊಟ್ರು. ನಾ ನಂಬಿದ್ನಿ.

ಚಪ್ಲಿ ಬಾಜೂಕ ಕುಂತವ್ರಿಗೆ ಏನೇನ ಗೊತ್ತಾಕ್ಕೈತಿ ಅಂತ ನೀವ ಕೇಳಬೇಕು. ಯಾರದು ಉಂಗುಟ ಹರದೈತಿ, ಯಾರ ಹೊಸಾದ್ದ ತಂದಾರ, ಪಾಸ್ಟರು ಪ್ರಸಂಗ ಹೇಳೋ ನಡುವ ಯಾರ ಚಪ್ಲಿ ಮೆಟ್ಟಿಕೊಂಡ ಚಾ ಕುಡಿಯಾಕ ಹೋಗತಾರ. ನನಗ ಮಂದಿ ಮಾರಿ ಕಾಣೋದ ಕಡಿಮಿ ಆತು. ಚಪ್ಲಿ ಹುಡುಕಾಕ ಬಗ್ಗಿದಾಗ, "ಆರಾಮ ಅದೀರೇನ್ರಿ ಮಾರ್ಥಕ್ಕಾ?" ಅಂತ ಕೇಳತಿದ್ರು, ನಾ "ಆರಾಮ್ರಿ" ಅನ್ನೋದ್ರಾಗ ಚಪ್ಲಿ ಮೆಟ್ಟಿ ಹೋಗಿರ್ತಿದ್ರು. ನನ್ನ ಸಲವಾಗಿ ಒಂದ ಸ್ಪೀಕರ ಕಂಬಕ್ಕ ಕಟ್ಟಿದ್ರು. ಹಾಡ ಅದರಾಗ ಕೇಳಿ ನಾ ಹಾಡೋ ಹೊತ್ತಿಗೆ ಒಳಗಿನವರು ಮುಂದಿನ ಸಾಲಿಗೆ ಹೋಗಿರ್ತಿದ್ರು. ಹಾಡ ಎತ್ತಿ ಕೊಡಾಕಿ ಹಾಡಿನ ಬೆನ್ನ ಹತ್ತಿ ಓಡೂವಂಗ ಆತು. ನಾಕ ರವಿವಾರ ಆದ ಮ್ಯಾಲ ಹಾಡೋದ ಬಿಟ್ನಿ.

ತಿಂಗಳ ಮೊದಲ ರವಿವಾರ ಕರ್ತನ ಭೋಜನ. ಒಳಗ ಎಲ್ಲಾರದೂ ಆದ ಮ್ಯಾಲ ಪಾಸ್ಟರು ಉಳದ ರೊಟ್ಟಿ ತುಂಡು, ದ್ರಾಕ್ಷಾರಸ ಹಿಡಕೊಂಡ ಕೆಳಗ ಬರತಿದ್ರು. ಬರಿಗಾಲಿಲೇ ಬರತಿದ್ರು, ಬಿಸಲಿಗೆ ನೆಲ ಕಾದಿರತಿತ್ತು, ಗಡಬಡಿಲೇ ಕೊಟ್ಟ ಓಡತಿದ್ರು. ನಾ ತಗೋತಿದ್ನಿ. ಹನ್ನೊಂದ ತಿಂಗಳ ಹಂಗ ತಗೊಂಡೇನಿ. ಮೊದಮೊದಲ ಮನಸಿನ್ಯಾಗ ಒಂದ ಆಸೆ, ಬ್ಯಾಸಗಿ ಬರ್ಲಿ, ಪಾವಟಗಿ ಕಟ್ಟಲಿ, ಮತ್ತ ನನ್ನ ಸಾಲಿನ್ಯಾಗ ಕುಂತ ಎಲ್ಲಾರ ಜೋಡಿ ತಗೋತೇನಿ ಅಂತ.

ಬ್ಯಾಸಗಿ ಬಂತು. ಗುಳಿಗಿಲೇ ಕಾಮಣಿ ಆಗಿ, ಕಣ್ಣ ಹಳದಿ ಆಗಿ, ನಾ ಮತ್ತ ಮಿರಜಿನ್ಯಾಗ ಮಲಗಿದ್ನಿ. ಒಂದ ತಿಂಗಳ ಬಿಟ್ಟ ಚರ್ಚಿಗೆ ಹ್ವಾದ್ನಿ. ಪಾವಟಗಿ ಹೊಸಾವು, ಕರಿ ಕಲ್ಲಿನ ಹಾಸು, ಮಾರಿ ಕಾಣೋ ಹಂಗ ಹೊಳಪು. ಇಳಿಜಾರ ಇಲ್ಲ. ರಸೂಲಣ್ಣ ಆಟೋದಾಗಿಂದ ಕುರ್ಚಿ ಇಳಸಿ ಆ ಕಡೆ ಈ ಕಡೆ ನೋಡಿ, "ಹಿಂದಿನ ಬಾಗಲಕ್ಕ ಮಾಡ್ಯಾರೇನ್ರಿ ಅಕ್ಕಾ?" ಅಂತ ಕೇಳಿದ. ಹಿಂದ ಬಾಗಲ ಇಲ್ಲ.

ಸುಶೀಲಕ್ಕ ಓಡಿ ಬಂದು ನನ್ನ ತೊಡಿ ಮ್ಯಾಲ ತಲಿ ಇಟ್ಟ ಅತ್ಲು. "ಕಮಿಟ್ಯಾಗ ಗಂಡಸರು ಒಪ್ಪಲಿಲ್ಲ ತಂಗಿ. ನಾ ಎಷ್ಟ ಬಡಕೊಂಡ್ನಿ." ನಾನ ಆಕಿ ಕಣ್ಣೀರ ನನ್ನ ಸೆರಗಿಲೇ ಒರಸಿದ್ನಿ. "ಹೋಗ್ಲಿ ಬಿಡ ಅಕ್ಕಾ, ಗಂಡಸರ ಬುದ್ಧಿ ನಿನಗ ಗೊತ್ತಿಲ್ಲೇನು" ಅಂತ ಸಮಾಧಾನ ಮಾಡಿದಾಕಿನೂ ನಾನ.

ಆಮ್ಯಾಲ ಮತ್ತೊಂದ ಸುರು ಆತು. ಚಪ್ಲಿ ಮೆಟ್ಟಾಕ ಬಂದ ಹೆಂಗಸರು ನನ್ನ ತಲಿ ಮ್ಯಾಲ ಕೈ ಇಟ್ಟು, "ವಿಶ್ವಾಸ ಇಡ್ರಿ, ಏಳತೀರಿ" ಅನ್ನೋದು. ಒಬ್ಬಾಕಿ ಅಂತೂ ಬಾಯಿ ಬಿಟ್ಟ ಅಂದ್ಲು. "ನೀವ ಕಾಲ ಬೇಡೋದ ಬಿಟ್ಟೀರಂತಲ್ರಿ ಮಾರ್ಥಕ್ಕಾ. ಹಂಗ ಮಾಡಬಾರದ್ರಿ. ನಾವ ಇಷ್ಟ ಮಂದಿ ಪ್ರಾರ್ಥನಿ ಮಾಡಾಕತ್ತೇವಿ, ನಿಮ್ಮ ಅವಿಶ್ವಾಸ ಅಡ್ಡ ಬರಾಕತ್ತೈತಿ."

ಆ ಮಾತ ನಾ ಒಬ್ಬರ ಮುಂದ ಅಷ್ಟ ಆಡಿದ್ದು. ಖರೆ ಹೇಳತೇನಿ, ಸುಶೀಲಕ್ಕನ ಮ್ಯಾಲ ನನಗ ಸಂಶೇನ ಬರಲಿಲ್ಲ. ದವಾಖಾನ್ಯಾಗ ಪಡದೆ ಆಚೆ ನಮ್ಮ ಮನಿಯವರು ಕೇಳಿರಬೇಕು ಅಂತ ತಿಳದು ಮನಿಗೆ ಬಂದು ಅವರ ಮ್ಯಾಲ ಹಾರಿ ಬಿದ್ನಿ. ಬಾಯಿಗೆ ಬಂದಂಗ ಅಂದ್ನಿ. ಅವರು "ನನಗ ಗೊತ್ತ ಇಲ್ಲೋ ಮಾರಾಯ್ತಿ" ಅಂತ ಎಷ್ಟ ಅಂದ್ರೂ ಕೇಳಲಿಲ್ಲ. ಎರಡ ವಾರ ಮಾತ ಬಿಟ್ನಿ. ಆ ಎರಡ ವಾರ ಅವರು ನನ್ನ ಎತ್ತಿ ಬಚ್ಚಲಕ್ಕ ಒಯ್ಯತಿದ್ರು, ತಂದ ಮಲಗಸ್ತಿದ್ರು, ಇಬ್ಬರೂ ತುಟಿ ಬಿಚ್ಚತಿರಲಿಲ್ಲ. ಮಾಡದ ತಪ್ಪಿಗೆ ಅವರ ಅನುಭವಿಸಿದ್ರು. ಖರೆ ಗೊತ್ತಾದ ಮ್ಯಾಲ ನಾ ಕ್ಷಮಾ ಕೇಳಿದ್ನಿ, ಅವರು "ಹೋಗ್ಲಿ, ಚಾ ಕುಡಿ" ಅಂದ್ರು.

ಗುಟ್ಟ ಬಿಚ್ಚಿದಾತ ಒಬ್ಬ ಗೌಂಡಿ. ಹನಮಂತ ಅಂತ, ಲೋಕಾಪುರದಾತ, ಪಾವಟಗಿ ಕಟ್ಟಿದಾತ ಆತನ. ಒಂದ ರವಿವಾರ ಪ್ರಾರ್ಥನಿ ನಡದಾಗ ತನ್ನ ಉಳದ ಹಲಗಿ ಒಯ್ಯಾಕ ಬಂದಿದ್ದ. ಕಂಪೌಂಡಿನ ಹಿಂದ ಇದ್ದವನ್ನ ಎತ್ತಿ ಗಾಡ್ಯಾಗ ಹಾಕಿ, ಬೆವರ ಒರಸಿಕೋತ ನೆರಳಿಗೆ ನನ್ನ ಬಾಜೂಕ ಬಂದ ಕುಂತ.

"ಬಾಯಾರ, ನೀವೇನ್ರಿ ಗಾಲಿ ಕುರ್ಚಿ ಅಕ್ಕಾರು?"

"ಇಲ್ಲಿ ಇನ್ನ ಹತ್ತ ಮಂದಿ ಗಾಲಿ ಕುರ್ಚ್ಯಾಗ ಕುಂತಾರೇನೋ ಯಪ್ಪಾ?" ಅಂದ್ನಿ.

ನಕ್ಕ. ಆಮ್ಯಾಲ ಮಾರಿ ಸಣ್ಣದ ಮಾಡಿ, "ನಿಮ್ಮ ಸಲವಾಗಿ ಗೆರಿ ಹೊಡದಿದ್ನಿರಿ. ಅಲ್ಲೇ, ಆ ಬಾಜೂಕ. ಪಾಸ್ಟರ ಮುಂದ ನಿಂತ ಹೊಡಸಿದ್ರು, ಇಟ್ಟಂಗಿ ಬಂದ ಬಿದ್ದಿದ್ವು, ಸಿಮಿಟಿ ಕಲಸಿದ್ದಿತ್ತು. ಅಷ್ಟರಾಗ ಅಕ್ಕಾರೊಬ್ಬರು ಬಂದ ಬ್ಯಾಡಂದ್ರಿ" ಅಂದ.

"ಯಾವ ಅಕ್ಕಾರು?"

ಹನಮಂತ ತಲಿ ಎತ್ತಿ ಕಂಬದ ಮ್ಯಾಲಿನ ಸ್ಪೀಕರ ಕಡೆ ಬೆರಳ ಮಾಡಿದ. "ಈಗ ಮಾತಾಡಾಕತ್ತಾರಲ್ರಿ, ಇವರ."

ಸ್ಪೀಕರದಾಗ ಸುಶೀಲಕ್ಕ ಪ್ರಾರ್ಥನಿ ಮಾಡಾಕತ್ತಿದ್ಲು. "ತಂದೇ, ನಮ್ಮ ಸಹೋದರಿ ಮಾರ್ಥಾನ್ನ ನೆನಪ ಮಾಡ್ಕೋತೇವಿ. ಆಕಿ ಆಸೆ ಬಿಟ್ಟಾಳ, ನಾವ ಬಿಟ್ಟಿಲ್ಲ. ಆಕಿ ವಿಶ್ವಾಸ ಕುಸದೈತಿ, ನಮ್ಮ ವಿಶ್ವಾಸ ನೋಡಿ ಆಕಿನ್ನ ಎಬ್ಬಸು" ಅಂತ. ಒಳಗಿನವರು ಆಮೆನ್ ಅಂದ್ರು. ಬಾಕಿ ರವಿವಾರ ಸ್ಪೀಕರ ಕರಕರ ಅಂತಿತ್ತು, ನಾ ಕಿವಿಗೊಟ್ಟ ಕೇಳತಿರಲಿಲ್ಲ. ಅವತ್ತ ಒಂದೊಂದ ಅಕ್ಷರ ಕೇಳಿಸಿತು.

"ಆಕಿ ಏನಂದ ಬ್ಯಾಡಂದ್ಲು?" ಅಂತ ಕೇಳಿದ್ನಿ.

"ಇಳಿಜಾರ ಕಟ್ಟಿದ್ರ ದೇವ್ರಿಗೆ ನೀ ಆಕಿನ್ನ ಎಬ್ಬಸೂದ ಬ್ಯಾಡ ಬಿಡು ಅಂತ ನಾವ ಹೇಳಿದಂಗ ಆಕ್ಕೈತಿ ಅಂದ್ರಿ. ಆಕಿ ನಡಕೋತ ಈ ಪಾವಟಗಿ ಏರತಾಳ, ಅಲ್ಲೀ ತನಕಾ ಕಾಯೋಣು ಅಂದ್ರಿ. ಪಾಸ್ಟರ ಏನೋ ಅನ್ನಾಕ ಹ್ವಾದ್ರು, ಆಮ್ಯಾಲ ಸುಮ್ಮಾದ್ರು. ಕಮಿಟಿ ಗಂಡಸರು ಹೂಂ ಅಂದಿದ್ರಿ ಮೊದಲ. ಅವರೂ ಅಂಜಿದ್ರು ಕಾಣಸ್ತೈತಿ. ನಾ ಗೆರಿ ಅಳಿಸಿದ್ನಿ." ಹನಮಂತ ಹಣಿ ಒರಸಿಕೊಂಡು, "ನಮಗ ನಿಮ್ಮ ದೇವ್ರ ಶಾಸ್ತ್ರ ತಿಳೀದ್ರಿ ಬಾಯಾರ. ಕಲಸಿದ ಸಿಮಿಟಿ ಹಾಳಾತಲ್ಲ ಅಂತ ಅನಸಿತು" ಅಂದು ಎದ್ದ ಹ್ವಾದ.

ನಂಬಿದ ಎಮ್ಮಿ ಕ್ವಾಣ ಈತು ಅಂತಾರಲ್ಲ. ನನಗ ಸಿಟ್ಟ ಬರಾಕ ಒಂದ ದಿನ ಬೇಕಾತು. ಮೊದಲ ಬಂದದ್ದು ನಾಚಿಕಿ. ದವಾಖಾನ್ಯಾಗ ಬತ್ತಲ ಮಲಗಿದಾಗ ಆಗದ ನಾಚಿಕಿ ಅವತ್ತ ಆತು. ನನ್ನ ಹೊಟ್ಟಿ ಒಳಗಿನ ಮಾತನ್ನ ಆಕಿ ವಾರಾ ವಾರಾ ಮೈಕನ್ಯಾಗ ಹಾಕ್ಯಾಳ, ನಾ ಹೊರಗ ಕುಂತ ಚಪ್ಲಿ ನೋಡಕೋತ ಆಮೆನ್ ಅಂದೇನಿ.

ಸೋಮವಾರ ಆಕಿನ್ನ ಮನಿಗೆ ಕರಸಿದ್ನಿ. ಶೇಂಗಾ ಹೋಳಗಿ ಕಟ್ಟಿಕೊಂಡ ಬಂದಿದ್ಲು. ಡಬ್ಬಿ ಮುಟ್ಟಲಿಲ್ಲ. "ಇಳಿಜಾರ ಬ್ಯಾಡಂದಾಕಿ ನೀನ ಏನಕ್ಕಾ?" ಅಂತ ಕೇಳಿಬಿಟ್ನಿ.

ಆಕಿ ಇಲ್ಲ ಅನಲಿಲ್ಲ. "ನಿನ್ನ ಸಲವಾಗೇ ತಂಗಿ" ಅಂದ್ಲು. "ಇಳಿಜಾರ ಅಂದ್ರ ಅದು ಸಹಿ ಹಾಕಿ ಕೊಟ್ಟಂಗ. ನೀ ಹಿಂಗ ಉಳೀತೀ ಅಂತ ನಾ ಹೆಂಗ ಒಪ್ಪಲಿ? ಇಪ್ಪತ್ತೊಂದ ದಿನ ಉಪಾಸ ಮಾಡೇನಿ ನಿನ್ನ ಕಾಲ ಸಲವಾಗಿ."

"ನಾ ಉಪಾಸ ಮಾಡಂತ ಹೇಳಿದ್ನೇನು? ಹೊಟ್ಟಿ ತುಂಬ ಉಂಡು ಎರಡ ಬುಟ್ಟಿ ಸಿಮಿಟಿ ಹಾಕಸಿದ್ರ ಸಾಕಾಗಿತ್ತು."

"ಹಂಗ ಅನಬ್ಯಾಡ ಬೇ."

"ಗಂಡಸರು ಒಪ್ಪಲಿಲ್ಲಂತ ಸುಳ್ಳ ಯಾಕ ಹೇಳಿದಿ? ನನ್ನ ತೊಡಿ ಮ್ಯಾಲ ತಲಿ ಇಟ್ಟ ಹೇಳಿದಿ. ನಾ ನಿನ್ನ ಕಣ್ಣೀರ ಒರಸೇನಿ."

ಆಕಿ ಸೆರಗಿನ ಚುಂಗ ಹಿಡಕೊಂಡ ಕುಂತ್ಲು. "ನೀ ನನ್ನ ಬಿಡತೀ ಅಂತ ಅಂಜಿದ್ನಿ" ಅಂದ್ಲು.

"ಯಾರ ಮುಂದೂ ಅನಬ್ಯಾಡ ಅಂದಿದ್ನಿ. ನಾ ಬೇಡಿಕೊಂಡದ್ದು ನಿನ್ನ ಬಾಜೂಕ ಕುಂಡ್ರೂದಷ್ಟ ಅಕ್ಕಾ. ಅದನ್ನ ನೀನ ತಪ್ಪಿಸಿದಿ. ಎದ್ದ ನಡಿ."

ಎದ್ದ ಹ್ವಾದ್ಲು. ಹೋಳಗಿ ಡಬ್ಬಿ ಗಂಗವ್ವನ ಮನಿಗೆ ಕೊಟ್ಟ ಕಳಿಸಿದ್ನಿ. ಆಮ್ಯಾಲ ಮೂರ ದಿನ ನನಗ ಜ್ವರ ಬಂದವು, ಗುಳಿಗಿಯಿಂದ ಬಂದವಲ್ಲ.

ಇದನ್ನ ಓದೋರಾಗ ಯಾರರ ನನ್ನಂಗ ಹೊರಗ ಕುಂತವರಿದ್ರ, ನನಗ ತಿಳದದ್ದ ಒಂದ ಹೇಳತೇನಿ. ನಮ್ಮನ್ನ ಬೈದ ಹೊರಗ ಹಾಕೋ ಮಂದಿ ಕಡಿಮಿ. ಅಕ್ಕರತಿಲೇ ಹೊರಗ ಇಡತಾರ. ನಾಳೆ ಆರಾಮ ಆದ ಮ್ಯಾಲ ಬಾ ಅಂತಾರ. ನಾ ಇವತ್ತ ಹಿಂಗ ಅದೇನಿ, ಇವತ್ತ ಹಿಂಗ ಇದ್ದಂಗ ಕರೀರಿ ಅಂತ ಕೇಳೋದು ದೇವರ ಮ್ಯಾಲಿನ ಅವಿಶ್ವಾಸ ಅಲ್ಲ. ಇಷ್ಟ ತಿಳಕೊಳ್ಳಾಕ ನನಗ ಹನ್ನೊಂದ ತಿಂಗಳ ಹಿಡೀತು.

ಮುಂದಿನ ತಪಾಸಣಿಗೆ ಡಾಕ್ಟರು ಪಟ್ಟಾ ಬಿಚ್ಚಿಸಿದ್ರು, ನೆಲದ ಮ್ಯಾಲ ಕುಂಡ್ರಬಹುದು ಅಂದ್ರು. ಅದರ ಮುಂದಿನ ರವಿವಾರ ಕರ್ತನ ಭೋಜನ ಇತ್ತು. ಕುರ್ಚಿನ್ನ ಮೊದಲನೇ ಪಾವಟಗಿಗೆ ತಾಗಿಸಿ ನಿಲ್ಲಸ್ರಿ ಅಂತ ನಮ್ಮ ಮನಿಯವರಿಗೆ ಹೇಳಿದ್ನಿ. ಬೆನ್ನ ಮೆಟ್ಟಲ ಕಡೆ ಮಾಡಿ ಜಾರಿ ಕುಂತ್ನಿ. ಎರಡೂ ಕೈ ಮ್ಯಾಲಿನ ಪಾವಟಗಿಗೆ ಊರಿ ಮೈ ಎತ್ತಿದ್ನಿ. ಒಂದ ಪಾವಟಗಿ ಆತು. ಕಾಲ ಕೈಲೇ ಎಳಕೊಂಡ್ನಿ. ನಮ್ಮ ಮನಿಯವರು ಎತ್ತಾಕ ಬಂದ್ರು.

"ಮುಟ್ಟಬ್ಯಾಡ್ರಿ. ಸೀರಿ ಅಷ್ಟ ಸರಿ ಮಾಡ್ರಿ."

ಎರಡು. ಮೂರು. ಕರಿ ಕಲ್ಲ ಕಾದಿದ್ವು, ಅಂಗೈ ಸುಡತಿತ್ತು. ನಾಕನೇದಕ್ಕ ಉಸರ ಹತ್ತಿ ಅಲ್ಲೇ ಕುಂತ್ನಿ. ಒಳಗ ಹಾಡ ನಿಂತಿತ್ತು. ಹಿರಿಯರು ಬಾಗಲದಾಗ ಬಂದ ನಿಂತಿದ್ರು, ಈ ಸಲ ಬಾಜೂಕ ಸರದ್ರು. ಐದನೇದು ಏರಿ, ಹೊಸ್ತಿಲ ದಾಟಿ, ಜಮಖಾನಿ ಮ್ಯಾಲ ಸರಕೋತ ಸರಕೋತ ಹೆಂಗಸರ ಸಾಲಿಗೆ ಹ್ವಾದ್ನಿ. ಕುಂತ ತಲಿ ಎತ್ತಿ ನೋಡಿದ್ನಿ. ಎಲ್ಲಾರೂ ನೆಲದ ಮ್ಯಾಲ ಕುಂತಾರ, ನಾನೂ ನೆಲದ ಮ್ಯಾಲ ಕುಂತೇನಿ. ನಾನೂ ಅವರೂ ಒಂದ ಎತ್ತರ. ಮಂದಿ ಮಾರಿ ಮತ್ತ ಕಂಡ್ವು. ಅಷ್ಟ ಮಂದಿ ಮಾರಿ ಒಮ್ಮೆಲೇ ಕಂಡು ನನಗ ದುಃಖ ಒತ್ತಿ ಬಂತು.

ನನಗ ಜಾಗಾ ಬಿಟ್ಟದ್ದು ಹಳೇ ಜಾಗಾದಾಗ. ಸುಶೀಲಕ್ಕನ ಬಾಜೂಕ.

ಕರ್ತನ ಭೋಜನಕ್ಕ ಮುಂಚೆ ನಮ್ಮಲ್ಲಿ ಒಂದ ಪದ್ಧತಿ ಐತಿ. ಯಾರ ಮನಸಿನ್ಯಾಗ ಯಾರ ಮ್ಯಾಲ ಏನಿದ್ರೂ ಮೊದಲ ಹೋಗಿ ಕೈ ಹಿಡದ ಸಮಾಧಾನ ಆಗಬೇಕು. ಆಗದಿದ್ರ ರೊಟ್ಟಿ ಮುಟ್ಟಬಾರದು, ಹಂಗ ಮುಟ್ಟಿದ್ರ ದೊಡ್ಡ ಪಾಪ. ಪಾಸ್ಟರು ಅದನ್ನ ಹೇಳಿ ಸುಮ್ಮ ನಿಂತ್ರು. ಗಂಡಸರ ಕಡೆ ಇಬ್ಬರು ಎದ್ದ ಹೋಗಿ ಕೈ ಹಿಡದ್ರು. ನನ್ನ ಬಾಜೂಕ ಸೆರಗಿನ ಕೆಳಗಿಂದ ಸುಶೀಲಕ್ಕನ ಕೈ ಬಂತು. ಅಂಗೈ ಮ್ಯಾಲ ಮಾಡಿ ನನ್ನ ಮೊಣಕಾಲ ಹತ್ರ ಇಟ್ಲು.

"ತಂಗಿ," ಅಂದ್ಲು, ಅಷ್ಟ.

ಆ ಕೈ ನೋಡಿದ್ನಿ. ಮಿರಜಿನ್ಯಾಗ ನನ್ನ ತೊಳದ ಕೈ. ಹಿಡಿಬೇಕು ಅಂತ ನನಗ ನಾನ ಹೇಳಿಕೊಂಡ್ನಿ. ಮನಸ ಒಂದ ಚೂರೂ ಅಲಗಲಿಲ್ಲ. ನನ್ನ ಕೈ ನನ್ನ ತೊಡಿ ಮ್ಯಾಲ ಇದ್ದಲ್ಲೇ ಇತ್ತು.

ತಾಟ ಬಂತು. ನಮ್ಮಲ್ಲಿ ಕೈಯಿಂದ ಕೈಗೆ ದಾಟಸತಾರ. ಬಿಳಿ ಅರಿವಿ ಮ್ಯಾಲ ಸಣ್ಣ ಸಣ್ಣ ತುಂಡು. ಇದರ ಸಲವಾಗಿ ಪಾವಟಗಿ ಏರಿ ಬಂದೇನಿ, ಅಂಗೈ ಇನ್ನೂ ಉರೀತಿತ್ತು. ತಗೊಳ್ಳಲಿಲ್ಲ. ತಾಟನ್ನ ಸುಶೀಲಕ್ಕನ ಕೈಯಾಗ ಕೊಟ್ನಿ. ಆಕಿ ಅದನ್ನ ಹಿಡಕೊಂಡ ಭಾಳ ಹೊತ್ತ ಕುಂತ್ಲು. ತಾನೂ ಒಂದ ತುಂಡ ಮುಟ್ಟದ ಮುಂದಿನಾಕಿಗೆ ದಾಟಿಸಿದ್ಲು.

ಅದಾದ ಮ್ಯಾಲ ನಾಕ ಭೋಜನ ಆದ್ವು. ತಿಂಗಳ ಮೊದಲ ರವಿವಾರ ನಾ ಐದೂ ಪಾವಟಗಿ ಏರತೇನಿ. ಸುಶೀಲಕ್ಕ ಮೊದಲ ಬಂದು ಜಾಗಾ ಹಿಡದಿರತಾಳ. ಬಾಜೂಬಾಜೂಕ ಕುಂಡ್ರತೇವಿ, ಮಾತಾಡೂದಿಲ್ಲ. ಆಕಿ ಕೈ ಚಾಚತಾಳ, ನಾ ನೋಡತೇನಿ. ತಾಟ ಬರತೈತಿ. ಇನ್ನೂ ತನಕಾ ಇಬ್ಬರೂ ತಗೊಂಡಿಲ್ಲ.